ಅರಗಿನ ಮುದ್ರೆ ಹಾಕಿದ ಸಿಡಿ

ಕುಮುದಾಬಾಯಿಗೆ ಆದದ್ದರ ವಿಷಯ ತೆಗೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೈದರಾಬಾದಿನ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು ಎದ್ದಿದ್ದ ೨೦೦೫ರ ಮಾತು. ಆಕೆ ಯಾವ ಕ್ಲಾಸಿಗೂ ಹೋದವಳಲ್ಲ. ಸಿಕಂದರಾಬಾದಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪತ್ರಿಕೆಯ ಜೊತೆ ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರಿನ ಸಿಡಿ ಬಂದಿತ್ತು. ಅದನ್ನು ಹಾಕಿ ಕಂಪ್ಯೂಟರ್ ಶುರು ಮಾಡಿದರೆ ಲಿನಕ್ಸ್ ಸಿಡಿಯಿಂದಲೇ ಓಡುತ್ತದೆ. ಸಿಡಿ ತೆಗೆದರೆ ಎಲ್ಲ ಮೊದಲಿನಂತೆಯೇ. ಕುಷಾಯಿಗೂಡದಲ್ಲಿ ತಮ್ಮನ ಮನೆಯ ಕಂಪ್ಯೂಟರಿನ ಮುಂದೆ ಕೂತು, ತಪ್ಪು ಮಾಡಿ ಮಾಡಿ ಕಲಿತಿದ್ದಳು.

ಒಂದು ಸೋಮವಾರ ಆಫೀಸಿನ ದಾಖಲೆ ಇಡುವ ಕಂಪ್ಯೂಟರ್ ಏಳಲೇ ಇಲ್ಲ. ರಾಯಚೂರು ಕಡೆಯ ನೂರಾ ನಲವತ್ತು ಗುತ್ತಿಗೆ ಕೂಲಿಗಳ ವೈದ್ಯಕೀಯ ತಪಾಸಣೆಯ ದಾಖಲೆ ಅದರೊಳಗಿತ್ತು. ಅದಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ. ರಿಪೇರಿಯವನು, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕು ಅಂದ. ಹೊರಗೆ ಕೂಲಿಗಳ ಮೇಸ್ತ್ರಿ ಹುಲಗೇಶನ ಗುಂಪು ಬುತ್ತಿಗಂಟು ಹಿಡಿದು ಬಿಸಿಲಲ್ಲಿ ನಿಂತಿತ್ತು. ಕುಮುದಾ ಊಟದ ಚೀಲದಿಂದ ಸಿಡಿ ತೆಗೆದು ಹಾಕಿದಳು. ಫೈಲುಗಳೆಲ್ಲ ಇದ್ದಲ್ಲೇ ಇದ್ದವು. ಪೆನ್ ಡ್ರೈವಿಗೆ ಇಳಿಸಿಕೊಟ್ಟಳು. ಜನ ಒಳಗೆ ಹೋದರು.

ಮರುದಿನ ಬಂದದ್ದು ಶಹಬ್ಬಾಸ್‌ಗಿರಿಯಲ್ಲ, ನೋಟೀಸು! ಅನುಮತಿಯಿಲ್ಲದ ಸಾಫ್ಟ್‌ವೇರ್ ಬಳಸಿದ್ದಾಳಂತೆ. ವಿಚಾರಣೆ ಮುಗಿಯುವವರೆಗೆ ನೌಕರಿ ಕಾಯಂ ಇಲ್ಲವಂತೆ. ಮೂರು ವರ್ಷದಿಂದ ಆಕೆ ಕಾಯುತ್ತಿದ್ದದ್ದು ಅದೊಂದಕ್ಕೇ.

“ಸರ, ಅದು ಒಳಗ ಏನೂ ಕೂಡಂಗಿಲ್ರಿ. ತಗದ್ರ ಮುಗೀತು” ಅಂದಳು.

“ಅದನ್ನ ವಿಚಾರಣ್ಯಾಗ ಹೇಳ್ರಿ” ಅಂದರು ಮ್ಯಾನೇಜರ್ ರಾಘವೇಂದ್ರರಾಯರು, ನಮ್ಮಿಬ್ಬರಂತೆ ಕನ್ನಡದವರೇ.

ಸಿಡಿಯನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಪುರಾವೆಯೆಂದು ಬೀರುವಿನಲ್ಲಿಟ್ಟರು. ಲಕೋಟೆಯ ಮೇಲೆ ಸಾಕ್ಷಿ ಸಹಿ ಹಾಕಿದವಳು ನಾನು. ಒಂದು ಮಾತೂ ಆಡಲಿಲ್ಲ. ನನ್ನ ಮೇಲೂ ನನಗೆ ಸಿಟ್ಟಿದೆ.

ವಿಚಾರಣೆಯ ದಿನ ಹೆಡ್ ಆಫೀಸಿನ ಸಾಹೇಬರು ಬಂದು ಕೂತರು. ಅದೇ ಹೊತ್ತಿಗೆ, ರಿಪೇರಿಯವನು ಅಳಿಸಿ ಹೊಸದಾಗಿ ಶುರು ಮಾಡಿಕೊಟ್ಟಿದ್ದ ಕಂಪ್ಯೂಟರ್ ಮತ್ತೆ ಮಲಗಿತು. ವಿಚಾರಣೆಯ ಕಾಗದಗಳೆಲ್ಲ ಅದರೊಳಗೇ! ರಾಯರು ಬೆವರು ಒರೆಸಿಕೊಳ್ಳುತ್ತ ಬಂದರು.

“ಕುಮುದಾಬಾಯಿ, ಆ ಸಿಡಿ ಹಾಕಿ ಒಂದೀಟು ನೋಡ್ರಲಾ.”

“ಅದು ಪುರಾವೆ ಐತ್ರಿ ಸರ. ಮುದ್ರಿ ನೀವ ಒಡೀರಿ. ಹಾಕಾಕ ಅನುಮತಿ ಕೊಟ್ಟೀನಿ, ಇದರಿಂದ ಕಂಪ್ಯೂಟರಿಗೆ ಏನೂ ಆಗಂಗಿಲ್ಲ ಅಂತ ಬರದು ಕೊಡ್ರಿ.”

ಬೇರೆ ದಾರಿಯಿರಲಿಲ್ಲ. ಕೈಯಲ್ಲೇ ಬರೆದು ಸಹಿ ಹಾಕಿದರು. ಹತ್ತೇ ನಿಮಿಷದಲ್ಲಿ ಫೈಲು ತೆಗೆದು, ನನ್ನ ಮೇಜಿನ ಕಂಪ್ಯೂಟರಿನಲ್ಲಿ ಪ್ರಿಂಟ್ ಮಾಡಿ, ಆ ಚೀಟಿಯನ್ನು ಮೇಲಿಟ್ಟು ಸಾಹೇಬರ ಮುಂದಿಟ್ಟಳು. ಅವರು ನೋಟೀಸು ಓದಿದರು, ಚೀಟಿ ಓದಿದರು.

“ರಾವ್ ಸಾಬ್, ಯೇ ದಸ್ತಖತ್ ಆಪ್ ಹೀ ಕಾ ಹೈ?”

ಸಹಿ ತಮ್ಮದೇ ಎಂದು ರಾಯರು ಒಪ್ಪಿಕೊಳ್ಳಬೇಕಾಯಿತು, ವಿಚಾರಣೆ ಅಲ್ಲಿಗೇ ಮುಗಿಯಿತು.

ಮುಂದಿನ ತಿಂಗಳು ನೌಕರಿ ಕಾಯಂ ಆಯಿತು. ಆದೇಶದಲ್ಲಿ ತಪ್ಪಾಯಿತೆಂಬ ಒಂದು ಸಾಲೂ ಇರಲಿಲ್ಲ. ಸಿಡಿಯನ್ನು ಆಕೆ ಎರಡು ಸಲ ಕೇಳಿದಳು, ವಾಪಸು ಕೊಡಲಿಲ್ಲ. ಒಂದು ದಿನ ರಾಯರ ಡ್ರಾಯರು ತೆರೆದಿದ್ದಾಗ ಆ ಸಿಡಿ ನನ್ನ ಕಣ್ಣಿಗೆ ಬಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದರು: ಕಂಪನಿಯ ಆಸ್ತಿ.