ಪಿನ್ನು ಕೂತಿದೆ, ಚಿತ್ರ ಬಂದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿದಾಯ ಭವನದ ದೊಡ್ಡ ಕೋಣೆಯಲ್ಲಿ ಕುರ್ಚಿಗಳು ಸಾಲಾಗಿ ಖಾಲಿ ಕೂತಿವೆ. ಎದುರಿನ ಗೋಡೆಗೆ ಬಿಳಿ ಸ್ಕ್ರೀನು, ಅದರ ಕೆಳಗೆ ಉದ್ದನೆಯ ಮೇಜು. ಇನ್ನು ಸ್ವಲ್ಪ ಹೊತ್ತಿಗೆ ತೀರಿಹೋದ ಯಾರನ್ನೋ ತಂದು ಆ ಮೇಜಿನ ಪಕ್ಕ ಮಲಗಿಸುತ್ತಾರೆ. ಈಗ ಅಲ್ಲಿ ಒಬ್ಬರೇ ಒಬ್ಬ ಹೆಂಗಸು ಮೈಕಿನ ಮುಂದೆ ಬಾಗಿ ನಿಂತಿದ್ದಾರೆ.

"ಕೇಳಿಸ್ತಿದೆಯಾ?"

ಕುರ್ಚಿಗಳತ್ತ ಒಮ್ಮೆ ನೋಡುತ್ತಾರೆ. "ಕೇಳಿಸ್ತಿದೆ" ಎಂದು ತಾವೇ ಉತ್ತರ ಹೇಳಿಕೊಂಡು ಮೈಕ್ ಆರಿಸಿ, ಬದಿಯ ಕಪ್ಪು ಕರ್ಟನ್ನಿನ ಮರೆಗೆ ಸರಿಯುತ್ತಾರೆ. ಅಲ್ಲೊಂದು ಸ್ಟೂಲಿದೆ, ಮೊಳೆಗಳಿಗೆ ನೇತುಹಾಕಿದ ವೈರುಗಳಿವೆ, ಫ್ಲಾಸ್ಕಿನಲ್ಲಿ ಚಹಾ ಇದೆ. ಭವನದಲ್ಲಿ ಅವರದು ಎಂದು ಹೇಳಬಹುದಾದ ಜಾಗ ಅಷ್ಟೆ.

ಎಲ್ಲರೂ ಅವರನ್ನು ವೈರಕ್ಕ ಎನ್ನುತ್ತಾರೆ. ಮನೆಯವರು ತರುವ ಲ್ಯಾಪ್‌ಟಾಪನ್ನು ಸ್ಕ್ರೀನಿಗೆ ಜೋಡಿಸಿ, ಹೋದವರ ಫೋಟೊ, ನಗು, ದನಿ ಎಲ್ಲರಿಗೂ ಕಾಣುವ ಹಾಗೆ, ಕೇಳುವ ಹಾಗೆ ಮಾಡುವುದು ಅವರ ಕೆಲಸ. ಹೆಸರಿಟ್ಟವನು ಭವನಕ್ಕೆ ಹೂವು ಜೋಡಿಸುವ ಹೂವಣ್ಣ.

"ವೈರ ಅಂತ ಹೆಸರಲ್ಲೇ ಇದ್ರೂ ಯಾರ ಜೊತೆಗೂ ಜಗಳ ಇಲ್ಲ ನೋಡಿ ನಮ್ಮಕ್ಕನಿಗೆ" ಎನ್ನುತ್ತಾನೆ ಅವನು. "ಜಗಳ ಆಡೋಕೆ ಇಲ್ಲಿ ಮಾತಾಡೋರಾದ್ರೂ ಯಾರಿದ್ದಾರೆ?"

"ನೀನಿದ್ದೀಯಲ್ಲ, ಹತ್ತು ಜನರ ಮಾತು ಒಬ್ಬನೇ ಆಡೋಕೆ. ಹೋಗು, ಆ ಮೂಲೆ ಹೂವು ಆಗ್ಲೇ ತಲೆ ಬಗ್ಗಿಸಿದೆ."

ದಿನಕ್ಕೆ ನಾಲ್ಕೋ ಐದೋ ವಿದಾಯ. ಅದರಲ್ಲಿ ಒಂದಾದರೂ ಲ್ಯಾಪ್‌ಟಾಪ್ ಕೈಕೊಡುತ್ತದೆ. ಮೊದಲೆಲ್ಲ ಹಾಗಿರಲಿಲ್ಲ ಎನ್ನುತ್ತಾರೆ ವೈರಕ್ಕ. ಚಿತ್ರದ ಕಿಂಡಿಗೆ ಒಂದು ಆಕಾರ, ಚಾರ್ಜಿಂಗಿಗೆ ಇನ್ನೊಂದು ಆಕಾರ ಇರುತ್ತಿತ್ತು. ತಪ್ಪು ವೈರು ತಂದರೆ ಒಳಗೆ ಹೋಗುತ್ತಲೇ ಇರಲಿಲ್ಲ. ಈಗ ಎಲ್ಲದಕ್ಕೂ ಒಂದೇ ಥರದ, ಬೆರಳುಗುರಿನಷ್ಟು ಚಿಕ್ಕ ಯುಎಸ್‌ಬಿ-ಸಿ ಕಿಂಡಿ. ಮೇಲೆ ಕೆಳಗೆ ಅಂತಿಲ್ಲ, ಹೇಗೆ ಹಿಡಿದು ಚುಚ್ಚಿದರೂ ಸರಿ.

"ಅದೇ ಬಂದಿರೋ ಗ್ರಹಚಾರ. ಎಲ್ಲಾ ಪಿನ್ನೂ ಎಲ್ಲಾ ತೂತಿಗೂ ಹೋಗಿ ಕೂತ್ಕೊಳ್ಳುತ್ತೆ. ಕೂತ ಮೇಲೆ ಕೆಲಸ ಮಾಡುತ್ತೆ ಅಂತ ಜನ ಅಂದ್ಕೊಳ್ತಾರೆ. ಒಂದು ತೂತು ಚಾರ್ಜ್ ಮಾತ್ರ ತಗೊಳ್ಳುತ್ತೆ. ಇನ್ನೊಂದು ಫೈಲ್ ಮಾತ್ರ ಸಾಗಿಸುತ್ತೆ. ಯಾವುದೋ ಒಂದು ಪುಣ್ಯಾತ್ಮನದು ಚಿತ್ರಾನೂ ಕೊಡುತ್ತೆ. ಪಕ್ಕದಲ್ಲಿ ಮಿಂಚಿನ ಗುರುತಿದ್ರೆ ನನಗೆ ಅರ್ಧ ಧೈರ್ಯ. ಅರ್ಧ ಯಾಕೆ ಅಂದ್ರೆ, ಕೆಲವರು ಚಾರ್ಜಿಂಗಿಗೂ ಮಿಂಚೇ ಹಾಕಿರ್ತಾರೆ. ಇನ್ನು ವೈರು. ಮೊಬೈಲ್ ಚಾರ್ಜರಿನ ವೈರಿಗೂ ಎರಡೂ ಕಡೆ ಅದೇ ಪಿನ್ನು. ಆದ್ರೆ ಅದರೊಳಗೆ ಚಿತ್ರ ಹೋಗಲ್ಲ."

ಇದನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಇಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದವರು ಅವರು. ಸ್ಕ್ರೀನು ನೋಡಿಕೊಳ್ಳುತ್ತಿದ್ದವನು ಬಿಟ್ಟುಹೋದಾಗ, 'ಸದ್ಯಕ್ಕೆ ನೀನೇ ನೋಡ್ಕೊಳ್ಳಮ್ಮ' ಎಂದರಂತೆ. ಆ ಸದ್ಯ ಇನ್ನೂ ಮುಗಿದಿಲ್ಲ. ಶುರುವಿನಲ್ಲೇ ಒಂದು ದಿನ ತೀರಿಹೋದ ಎಳೆ ಮಗುವಿನ ಅಪ್ಪ ಲ್ಯಾಪ್‌ಟಾಪ್ ತಂದಿದ್ದ. ಪಿನ್ನು ಕೂತಿತು. ಚಿತ್ರ ಬರಲಿಲ್ಲ. ವಿದಾಯ ಮುಗಿಯುವವರೆಗೂ ಸ್ಕ್ರೀನಿನ ತುಂಬ ಬರೀ ನೀಲಿ.

"ನಾನು ಸರಿಯಾಗಿ ಒತ್ತಿಲ್ಲ ಅಂದ್ಕೊಂಡು ಒತ್ತಿದ್ದೇ ಒತ್ತಿದ್ದು. ಅದು ಒತ್ತೋದ್ರಿಂದ ಬರೋದಲ್ಲ ಅಂತ ಆಗ ಗೊತ್ತಿರಲಿಲ್ಲ. ಪಾಪ, ಅಷ್ಟೂ ಜನ ಆ ನೀಲಿಯನ್ನೇ ನೋಡ್ತಾ ಕೂತಿದ್ರು. ಆ ಅಪ್ಪ ಹೋಗೋವಾಗ ನನಗೆ ಥ್ಯಾಂಕ್ಸ್ ಹೇಳಿದ. ಬೈದಿದ್ರೆ ಮರೆತುಬಿಡ್ತಿದ್ದೆ."

ಮನೆಯ ವಿಷಯ ಕೇಳಿದರೆ ವೈರು ಸುತ್ತುವ ಕೈ ನಿಲ್ಲುವುದಿಲ್ಲ. ಮಕ್ಕಳಿಲ್ಲ. ಗಂಡ ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಇವರು ಹೊರಡುವ ಹೊತ್ತಿಗೆ ಅವರು ಬರುತ್ತಾರೆ. ಬಾಗಿಲಲ್ಲಿ ಬೀಗದ ಕೈ ಈ ಕೈಯಿಂದ ಆ ಕೈಗೆ ಹೋಗುತ್ತದೆ. ಒಲೆಯ ಮೇಲೆ ಅವರ ಊಟ ಮುಚ್ಚಿಟ್ಟಿರುತ್ತದೆ, ಮಾತ್ರೆ ಲೋಟದ ಪಕ್ಕದಲ್ಲಿರುತ್ತದೆ. ರಜೆಯ ದಿನ ಇಬ್ಬರೂ ಮನೆಯಲ್ಲಿದ್ದರೆ ಏನು ಮಾತಾಡುವುದೆಂದು ತೋಚದೆ ಅವರು ರೇಡಿಯೊ ಹಾಕುತ್ತಾರೆ, ಇವರು ಕಪಾಟು ಒರೆಸುತ್ತಾರೆ.

"ಕೆಟ್ಟವರಲ್ಲ. ಒಂದು ದಿನಾನೂ ಕೈಯೆತ್ತಿದವರಲ್ಲ" ಎನ್ನುತ್ತಾರೆ ವೈರಕ್ಕ. ಆಮೇಲೆ ಅವರಿಗೇ ನಗು ಬರುತ್ತದೆ. "ನಮ್ಮದು ಚಾರ್ಜಿಂಗ್ ಮಾತ್ರ ಇರೋ ತೂತು. ಊಟ, ಔಷಧಿ ಎಲ್ಲ ಆಚೆಯಿಂದ ಈಚೆಗೆ ಹೋಗುತ್ತೆ. ಚಿತ್ರ ಬರಲ್ಲ, ಅಷ್ಟೆ."

ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ಅದೇ ವೈರನ್ನೇ ಬಿಚ್ಚಿ ಮತ್ತೆ ಸುತ್ತುತ್ತಾರೆ.

ಬಾಗಿಲು ತಳ್ಳುವ ಸದ್ದು. ದಿನದ ಮೊದಲ ವಿದಾಯಕ್ಕೆ ಇನ್ನೂ ಹೊತ್ತಿದೆ, ಆದರೆ ಬಂದಿರುವುದು ಆ ಮನೆಯವರೇ. ಮನೆಯವರೆಂದರೆ ಒಬ್ಬಳೇ: ತೀರಿಹೋದಾಕೆಯ ತಂಗಿ. ನಲವತ್ತು ದಾಟಿದಾಕೆ, ಎದೆಗೆ ಲ್ಯಾಪ್‌ಟಾಪ್ ಅವುಚಿಕೊಂಡಿದ್ದಾಳೆ. ಅದರಲ್ಲಿ ಅಕ್ಕನ ಒಂದೇ ಒಂದು ವಿಡಿಯೊ ಇದೆ. ತೆಗೆದ ಮೊಬೈಲು ಯಾವತ್ತೋ ಕೆಟ್ಟುಹೋಗಿದೆ.

"ಅವಳ ದನಿ ಇರೋದು ಇದೊಂದರಲ್ಲೇ ಅಮ್ಮಾ. ಕಳಿಸಿಕೊಡೋ ಮುಂಚೆ ಒಂದು ಸಲ ಎಲ್ಲರೂ ಕೇಳಲಿ ಅಂತ."

ವೈರಕ್ಕ ಲ್ಯಾಪ್‌ಟಾಪನ್ನು ಬೆಳಕಿಗೆ ಹಿಡಿದು ಅಂಚು ನೋಡುತ್ತಾರೆ. ತೆಳ್ಳಗಿರಲೆಂದು ಬೇರೆ ಕಿಂಡಿಗಳನ್ನೆಲ್ಲ ತೆಗೆದುಹಾಕಿದ ಯಂತ್ರ ಅದು. ಎಡಗಡೆ ಎರಡು ಕಿಂಡಿ, ಎರಡೂ ಒಂದೇ ಥರ, ಪಕ್ಕದಲ್ಲಿ ಯಾವ ಗುರುತೂ ಇಲ್ಲ. ಮೊದಲನೆಯದಕ್ಕೆ ಸ್ಕ್ರೀನಿನ ವೈರು ಚುಚ್ಚುತ್ತಾರೆ. ನೀಲಿ. ಎರಡನೆಯದಕ್ಕೆ ಚುಚ್ಚುತ್ತಾರೆ. ನೀಲಿ. ವೈರು ಬದಲಿಸಿ ನೋಡುತ್ತಾರೆ. ಒತ್ತುವುದಿಲ್ಲ.

"ಗಟ್ಟಿಯಾಗೇ ಕೂತಿದೆಯಲ್ಲಮ್ಮಾ?" ತಂಗಿ ಬಗ್ಗಿ ನೋಡುತ್ತಾಳೆ.

"ಕೂತಿದೆ. ಒಳಗೆ ಮಾತುಕತೆ ನಡೀತಿಲ್ಲ. ಇದರ ತೂತುಗಳಿಗೆ ಚಿತ್ರ ಕಳಿಸೋ ಯೋಗ್ಯತೆ ಕೊಟ್ಟಿಲ್ಲ. ನಿಮ್ಮ ತಪ್ಪಲ್ಲ, ಅದರ ತಪ್ಪೂ ಅಲ್ಲ."

ವೈರಿಲ್ಲದೆ ಚಿತ್ರ ಹಿಡಿಯುವಷ್ಟು ಹೊಸದಲ್ಲ ಇಲ್ಲಿನ ಪ್ರೊಜೆಕ್ಟರು. ಪೆನ್‌ಡ್ರೈವಿಗೆ ಹಾಕಿ ಆಫೀಸಿನ ಕಂಪ್ಯೂಟರಿನಿಂದ ತೋರಿಸೋಣವೆಂದರೆ ಆಫೀಸಿಗೆ ಬೀಗ, ತೆಗೆಯುವುದು ತಡವಾಗಿ. ಅಷ್ಟರಲ್ಲಿ ಲ್ಯಾಪ್‌ಟಾಪು ತಾನೇ ಆರಿಹೋಗುತ್ತದೆ. ಬ್ಯಾಟರಿಯಲ್ಲಿ ಜೀವವೇ ಇಲ್ಲ. ಚಾರ್ಜ್ ತೆಗೆದುಕೊಳ್ಳುವುದು ಮೊದಲನೆಯ ಕಿಂಡಿ ಮಾತ್ರ, ಅದೂ ಸವೆದು ಸಡಿಲವಾಗಿದೆ. ಪಿನ್ನನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರೆ ದೀಪ ಹತ್ತುತ್ತದೆ, ಕೈಬಿಟ್ಟರೆ ಆರುತ್ತದೆ.

ತಂಗಿ ಮುಂದಿನ ಕುರ್ಚಿಯಲ್ಲಿ ಕೂರುತ್ತಾಳೆ. "ಬಿಡಿ ಹಾಗಾದ್ರೆ. ಬರೋರೂ ಐದಾರು ಜನ."

ವೈರಕ್ಕ ಆ ದೊಡ್ಡ ಕೋಣೆಯನ್ನು, ಕುರ್ಚಿಗಳ ಸಾಲನ್ನು, ಬಿಳಿ ಸ್ಕ್ರೀನನ್ನು ನೋಡುತ್ತಾರೆ. "ಐದಾರು ಜನರಿಗೆ ಇಷ್ಟು ದೊಡ್ಡ ಸ್ಕ್ರೀನು ಯಾಕೆ?" ಎಂದು ಕೇಳಿ ಹೂವಣ್ಣನನ್ನು ಕೂಗುತ್ತಾರೆ.

ಇಬ್ಬರೂ ಸೇರಿ ಮೇಜನ್ನು ಮುಂದಕ್ಕೆ ಎಳೆಯುತ್ತಾರೆ. ಅದರ ಸುತ್ತ ಕುರ್ಚಿಗಳನ್ನು ಅರೆವೃತ್ತವಾಗಿ ಹಾಕುತ್ತಾರೆ. ಲ್ಯಾಪ್‌ಟಾಪಿನ ಸ್ಪೀಕರಿನ ಪಕ್ಕಕ್ಕೆ ಮೈಕ್ ಬಗ್ಗಿಸಿಡುತ್ತಾರೆ. ಮುಖ ಚಿಕ್ಕದಾಗಿ ಕಂಡರೇನು, ದನಿಯಾದರೂ ಕೋಣೆ ತುಂಬಲಿ. ಆದರೆ ಪಿನ್ನನ್ನು ಯಾರಾದರೂ ಎತ್ತಿ ಹಿಡಿದಿರಬೇಕಲ್ಲ? ಕೆಲಸದವರು ವಿದಾಯದ ಹೊತ್ತಿನಲ್ಲಿ ಕರ್ಟನ್ನಿನ ಈಚೆ ಬರಬಾರದು, ಕೂರುವುದಂತೂ ದೂರದ ಮಾತು. ವೈರಕ್ಕ ಕರ್ಟನ್ನಿನ ಕಡೆ ಒಮ್ಮೆ ನೋಡಿ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಪಿನ್ನಿಗೆ ಕೈ ಎಟುಕುವಂತೆ ಅರೆವೃತ್ತದ ತುದಿಯ ಕುರ್ಚಿಯಲ್ಲಿ ಕೂರುತ್ತಾರೆ.

ಅಕ್ಕನನ್ನು ತಂದು ಮೇಜಿನ ಪಕ್ಕ ಮಲಗಿಸುತ್ತಾರೆ. ಜನ ಬರುತ್ತಾರೆ. ನೆರೆಮನೆಯ ದಂಪತಿ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮೂವರು ಹೆಂಗಸರು. ವಿಡಿಯೊ ಶುರುವಾಗುತ್ತದೆ. ಅಕ್ಕ ದೊಡ್ಡದೊಂದು ಬೆಡ್‌ಶೀಟು ಹಿಡಿದು ಒದ್ದಾಡುತ್ತಿದ್ದಾಳೆ.

"ಏನೇ ಅದು, ಎತ್ತಿಡೇ ಫೋನು! ಬಂದು ಆ ಕಡೆ ತುದಿ ಹಿಡಿ. ಒಬ್ಬಳೇ ಮಡಚೋಕಾಗುತ್ತಾ ಇದನ್ನ? ನಗ್ತಾಳೆ ನೋಡು, ಕೋತಿ!"

ಕೋಣೆಯ ನಾಲ್ಕೂ ಮೂಲೆಗೆ ಆ ದನಿ ಹೋಗುತ್ತದೆ. ಹೆಂಗಸೊಬ್ಬಳು ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಳ್ಳುತ್ತಾಳೆ. ವಿಡಿಯೊದಲ್ಲಿ ತಂಗಿ ಫೋನನ್ನು ಎಲ್ಲೋ ಇಟ್ಟುಬಿಡುತ್ತಾಳೆ. ಆಮೇಲೆ ಕಾಣುವುದು ಬರೀ ಸೂರು, ಕೇಳಿಸುವುದು ಬಟ್ಟೆ ಒದರುವ ಸದ್ದು ಮತ್ತು ಇಬ್ಬರ ನಗು. ಅಲ್ಲಿಗೆ ಮುಗಿಯುತ್ತದೆ.

"ಇನ್ನೊಂದು ಸಲ" ಎನ್ನುತ್ತಾಳೆ ತಂಗಿ. ವೈರಕ್ಕ ತಲೆಯಾಡಿಸುತ್ತಾರೆ. ಮತ್ತೆ ಹಾಕುತ್ತಾರೆ, ಮತ್ತೊಮ್ಮೆ ಹಾಕುತ್ತಾರೆ. ಹೆಬ್ಬೆರಳು ಬೆಳ್ಳಗಾಗುವವರೆಗೂ ಪಿನ್ನನ್ನು ಎತ್ತಿ ಹಿಡಿದೇ ಇರುತ್ತಾರೆ. ಇಷ್ಟು ವರ್ಷ ಕರ್ಟನ್ನಿನ ಸಂದಿಯಿಂದ ಜನರ ಬೆನ್ನು ನೋಡಿದ್ದರು. ಇವತ್ತು ಮುಖಗಳ ನಡುವೆ ಕೂತಿದ್ದಾರೆ.

ಎಲ್ಲ ಮುಗಿದು, ಅಕ್ಕನನ್ನು ಕಳಿಸಿಕೊಟ್ಟು, ಜನ ಹೋದ ಮೇಲೆ ಆಫೀಸಿನ ಬೀಗ ತೆಗೆಯುವ ಸದ್ದು ಕೇಳುತ್ತದೆ. "ಇದು ಒಂದೇ ಕಡೆ ಇದ್ರೆ ಅಪಾಯ" ಎನ್ನುತ್ತಾ ವೈರಕ್ಕ ಒಂದು ಕೈಯಲ್ಲಿ ಚಾರ್ಜಿಂಗ್ ಪಿನ್ನು ಹಿಡಿದೇ ಎರಡನೆಯ ಕಿಂಡಿಗೆ ಪೆನ್‌ಡ್ರೈವ್ ಚುಚ್ಚಿ ವಿಡಿಯೊ ಇಳಿಸಿಕೊಡುತ್ತಾರೆ. "ನೋಡಿ, ಇದಕ್ಕೆ ಈ ಕೆಲಸ ಬರುತ್ತೆ. ಬರೋ ಕೆಲಸ ಮಾಡಿಸ್ಕೋಬೇಕು."

ವೈರಕ್ಕನಿಗೇನಾದರೂ ಆಸೆಯಿದೆಯೇ? ವೈರು ಸುತ್ತುತ್ತಲೇ ಹೇಳುತ್ತಾರೆ. "ನನ್ನದು ಒಂದು ವಿಡಿಯೊನೂ ಇಲ್ಲ. ಇದ್ರೂ ತರೋರು ಯಾರು, ವೈರು ಚುಚ್ಚೋರು ಯಾರು? ಅದು ಹೋಗಲಿ. ಬೆಳಗ್ಗೆ ಮೈಕ್ ನೋಡೋವಾಗ ಕುರ್ಚೀಲಿ ಯಾರಾದ್ರೂ ಇರಬೇಕು. ದೂರ ಕೂತೋರಿಗೆ ಹೇಗೆ ಕೇಳಿಸುತ್ತೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಮುಂದಿನ ವಿದಾಯಕ್ಕೆ ಸಿದ್ಧತೆ. ಮೇಜು ಹಿಂದಕ್ಕೆ, ಕುರ್ಚಿಗಳು ಸಾಲಿಗೆ. ತಂಗಿಗೆ ಇನ್ನೂ ಹೊರಡಲು ಮನಸ್ಸಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದಾಳೆ. ವೈರಕ್ಕ ಮೈಕಿನ ಮುಂದೆ ಬಾಗುತ್ತಾರೆ.

"ಕೇಳಿಸ್ತಿದೆಯಾ?"

ಉತ್ತರಕ್ಕೆ ಅವರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬರುತ್ತದೆ.

"ಕೇಳಿಸ್ತಿದೆ ಅಕ್ಕಾ. ಸ್ವಲ್ಪ ಜೋರಾಯ್ತು."

ವೈರಕ್ಕ ಮೈಕಿನ ದನಿಯನ್ನು ಒಂದು ಕೂದಲೆಳೆಯಷ್ಟು ತಗ್ಗಿಸುತ್ತಾರೆ.

"ಈಗ?"