ಆರು ಸಿಲಿಂಡರಿನ ಪಕ್ಷ

ಪಿಕಪ್‌ನ ಎಂಜಿನ್ ಒಡೆದದ್ದು ಲಂಡನ್ನಿನ ಪಾರ್ಕ್ ರಾಯಲ್‌ನಿಂದ ಹೇಸ್‌ನಲ್ಲಿದ್ದ ನಮ್ಮ ಮನೆಗೆ ಬರುವ ದಾರಿಯಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಲ್ಲಿನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ನನ್ನನ್ನು ಕರೆದೊಯ್ಯಲು ಗಂಡ ತನ್ನ ಹೊಸ ಹುಚ್ಚನ್ನೇ ಏರಿ ಬಂದಿದ್ದ. ಹುಚ್ಚು ಹೊಸದು, ಗಾಡಿ ಮಾತ್ರ ನಮ್ಮಿಬ್ಬರಿಗಿಂತ ಹಳೆಯದು: ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ, ಗುಂಡು ಮೂತಿಯ ಹಸಿರು ಪಿಕಪ್. ಸ್ಟಿಯರಿಂಗ್ ಎಡಗಡೆ. ಹಾಗಾಗಿ ಮುಂದಿನ ಗಾಡಿಯನ್ನು ಹಿಂದಿಕ್ಕಬೇಕಾದರೆ ಬಲಗಡೆ ಕೂತ ನಾನು ಕತ್ತು ಚಾಚಿ ನೋಡಿ ‘ಹೋಗು’ ಅನ್ನಬೇಕಿತ್ತು.

ಆ ಸಂಜೆಯೂ ‘ಹೋಗು’ ಅಂದೆ. ಅವನು ಆಕ್ಸಿಲರೇಟರ್ ಒತ್ತಿ ಹಿಡಿದ. ಬಾನೆಟ್ಟಿನೊಳಗೆ ಯಾರೋ ಸುತ್ತಿಗೆ ಆಡಿಸಿದಂಥ ಸದ್ದು, ಆಮೇಲೆ ಒಂದು ದೊಡ್ಡ ಏಟು, ಹೊಗೆ. ರಸ್ತೆ ಬದಿಗೆ ನಿಲ್ಲಿಸಿ ನೋಡಿದರೆ ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ತೂರುವಷ್ಟು ತೂತು.

ವಿಜಯಪುರದಿಂದ ಬಂದು ನಮ್ಮೊಂದಿಗಿದ್ದ ಅತ್ತೆ ಬಾಗಿಲಲ್ಲೇ ನಿಂತಿದ್ದರು. ರಿಕವರಿ ಲಾರಿಯಿಂದ ಪಿಕಪ್ ಇಳಿಯುವುದನ್ನು ನೋಡಿ ಮಗನನ್ನು ಕೇಳಿದರು: “ಗಾಡಿ ತಂದೀಯೋ, ಗುಜರಿ ತಂದೀಯೋ?”

ಮರುದಿನ ಪಕ್ಕದ ಮನೆಯವರು ಬೇಲಿ ದಾಟಿ ಬಂದರು. ಹುಡುಗನಾಗಿದ್ದಾಗ ಜಮೈಕಾದಿಂದ ಬಂದವರು, ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, “ಇದರ ಕಥೆ ಮುಗಿಯಿತು. ವಿ-ಏಟ್ ಹಾಕಿ. ಎಲ್ಲರೂ ಅದನ್ನೇ ಹಾಕೋದು,” ಅಂದರು. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕಾಗಿ ಎರಡು ಕಡೆ ಓರೆಯಾಗಿ ಕೂತ ಎಂಜಿನ್ ಅದು. ಗಂಡನ ಕಣ್ಣು ಅರಳಿತು. ಅವನಿಗೆ ಬೇಕಾಗಿದ್ದೂ ಆ ಗುಡುಗೇ.

ನನಗೆ ಬೇಕಾಗಿದ್ದು ಬೇರೆ. ಒಡೆದದ್ದು ಆರು ಸಿಲಿಂಡರು ಒಂದೇ ಸಾಲಿನಲ್ಲಿ ನಿಂತ ಎಂಜಿನ್. ಅದರಲ್ಲಿ ಬೇರಿಂಗಿಗೆ ಎಣ್ಣೆ ಹೋಗುವ ಕ್ರಮವೇ ವಿಚಿತ್ರ: ಚಮಚದಂಥ ತುಂಡುಗಳು ಕೆಳಗಿನ ಎಣ್ಣೆಯನ್ನು ಮೊಗೆದು ಮೇಲಕ್ಕೆ ಕಳಿಸಬೇಕು. ಹೊಲದ ದಾರಿಗೆ ಅದು ಸಾಕು, ಲಂಡನ್ನಿನ ವೇಗಕ್ಕೆ ಸಾಲದು. ಅದೇ ವಂಶದಲ್ಲಿ ಮುಂದೆ ಬಂದ ಇನ್ನೊಂದು ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಪಂಪು ಎಣ್ಣೆಯನ್ನು ಒತ್ತಡದಿಂದ ಪ್ರತಿ ಬೇರಿಂಗಿಗೂ ಮುಟ್ಟಿಸುತ್ತಿತ್ತು. ಹಳೆಯ ಗೇರ್‌ಬಾಕ್ಸಿಗೂ ಅದು ಜೋಡಣೆಯಾಗುತ್ತಿತ್ತು.

“ಆರs ಹಾಕೂಣು,” ಅಂದೆ.

“ಮತ್ತ ಅದನ್ನs? ಜನ ನಗ್ತಾರ.”

“ವಿ-ಏಟ್ ಹಾಕಿದ ಮ್ಯಾಲೆ ಹೆಂಗ ನಿಲ್ಲಿಸ್ತಿ? ಬ್ರೇಕು ಮುದುಕಂದು.”

ಧಾರವಾಡದಲ್ಲಿ ಒಂದೇ ಕಾಲೇಜಿನಲ್ಲಿ ಓದಿದ ನಮಗೆ ಏಕವಚನದಲ್ಲೇ ಜಗಳ ಆಡಿ ರೂಢಿ. ಅತ್ತೆಗೆ ಅದು ಹಿಡಿಸುತ್ತಿರಲಿಲ್ಲ. ಆದರೂ ಟಿವಿಯ ಸದ್ದು ತಗ್ಗಿಸಿ ಕೇಳುತ್ತಿದ್ದರು.

ಮಾತಿನಿಂದ ಕೆಲಸ ಆಗಲಿಲ್ಲ. ಪರಿಚಯದವರೊಬ್ಬರ ಶೆಡ್ಡಿನಲ್ಲಿದ್ದ ವಿ-ಏಟ್ ಎಂಜಿನ್ನಿನ ಉದ್ದ, ಅಗಲ, ಎತ್ತರ ಅಳೆದುಕೊಂಡು ಬಂದೆ. ತರಕಾರಿ ಅಂಗಡಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ತಂದು ಕತ್ತರಿಸಿ, ಅಂಟಿಸಿ, ಹುಬೇಹೂಬು ಅದೇ ಗಾತ್ರದ ಒಂದು ಎಂಜಿನ್ ಮಾಡಿದೆ. ಎಕ್ಸಾಸ್ಟ್ ಕೊಳವೆಗಳಿಗೆ ಅಡುಗೆಮನೆಯ ಟವೆಲ್ ಸುರುಳಿಯ ರಟ್ಟು. ಒಂದು ಬದಿಯಲ್ಲಿ ‘ಬನಾನಾಸ್’ ಎಂಬ ಇಂಗ್ಲಿಷ್ ಅಕ್ಷರಗಳು ಹಾಗೇ ಉಳಿದಿದ್ದವು.

“ಇಳಿಸು ನೋಡೂಣು,” ಅಂದೆ.

ಒಡೆದ ಎಂಜಿನ್ ತೆಗೆದು ಖಾಲಿಯಾಗಿದ್ದ ಬಾನೆಟ್ಟಿನೊಳಗೆ ಅವನು ಅದನ್ನು ಇಳಿಸಿದ. ಎಡಗಡೆ ಸ್ಟಿಯರಿಂಗ್ ಪೆಟ್ಟಿಗೆಗೆ ತಾಗಿತು. ಬಲಕ್ಕೆ ಸರಿಸಿದ, ಹಿಂದೆ ಕ್ಯಾಬಿನ್ನಿನ ತಗಡಿಗೆ ಬಡಿಯಿತು. ಮುಂದಕ್ಕೆ ಎಳೆದ, ರೇಡಿಯೇಟರಿಗೆ ಜಾಗವಿಲ್ಲ. ಪಕ್ಕದ ಮನೆಯವರು, “ಆ ತಗಡು ಕೊಯ್ದು ಸ್ಟಿಯರಿಂಗ್ ಬದಲಾಯಿಸಿದರೆ ಆರಾಮಾಗಿ ಕೂರುತ್ತದೆ. ಎಷ್ಟೋ ಜನ ಮಾಡಿದ್ದಾರೆ,” ಅಂದರು. ಅದು ನಿಜವೇ ಆಗಿತ್ತು. ಗಂಡ ಗಾಡಿಯ ಕೆಳಗೆ ನುಸುಳಿ ಬಹಳ ಹೊತ್ತು ಅಲ್ಲೇ ಮಲಗಿದ್ದ. ಎದ್ದು ಬಂದಾಗ ಮುಖದ ಮೇಲೆ ಗ್ರೀಸು.

“ಇದನ್ನ ಕೊಯ್ಯಾಕ ನನ್ನ ಕೈಲೆ ಆಗೂದಿಲ್ಲ,” ಅಂದ. “ಆತು, ನಿನ್ನ ಆರs ಇರಲಿ.”

ಆರರ ಎಂಜಿನ್ ಅಮೆರಿಕದಿಂದ ಹಡಗಿನಲ್ಲಿ ಬಂತು. ಕೂರಿಸುವಾಗ ನನ್ನ ಆಯ್ಕೆಗೂ ಒಂದು ಕಂಟಕ ಎದುರಾಯಿತು: ವಾಟರ್ ಪಂಪು ಮುಂದಕ್ಕೆ ಚಾಚಿ, ಫ್ಯಾನ್ ರೇಡಿಯೇಟರನ್ನು ಕೆರೆಯುವಂತಿತ್ತು. ಗಂಡ ನನ್ನ ಮುಖ ನೋಡಿದ. ಹಳೆಯ ಎಂಜಿನ್ನಿನ ಗಿಡ್ಡ ಪಂಪು ಇನ್ನೂ ಗಟ್ಟಿಯಾಗಿತ್ತು. ಅದರ ತೂತುಗಳು ಮಾತ್ರ ಹೊಸದಕ್ಕೆ ಹೊಂದುತ್ತಿರಲಿಲ್ಲ. ಎರಡರ ನಡುವೆ ಎರಡಕ್ಕೂ ಹೊಂದುವ ತೂತುಗಳ ಒಂದು ಪಟ್ಟಿ ಬೇಕು. ಮ್ಯಾನೇಜರನ್ನು ಕೇಳಿ, ಊಟದ ಬಿಡುವಿನಲ್ಲಿ ಕಾರ್ಖಾನೆಯ ವರ್ಕ್‌ಶಾಪಿನಲ್ಲೇ ಉಕ್ಕಿನ ಪಟ್ಟಿ ಕೊರೆದೆ. ಅದು ಕೂತಿತು. ಫ್ಯಾನಿಗೂ ರೇಡಿಯೇಟರಿಗೂ ನಡುವೆ ನನ್ನ ಹೆಬ್ಬೆರಳು ಸಲೀಸಾಗಿ ಓಡಾಡಿತು.

ಭಾನುವಾರ ಬೆಳಿಗ್ಗೆ ಗಂಡ ಸ್ಟಾರ್ಟರ್ ಒತ್ತಿದ. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಆಮೇಲೆ ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಹತ್ತಿಕೊಂಡಿತು. ನಾನು ನೋಡುತ್ತಿದ್ದದ್ದು ಎಣ್ಣೆಯ ಒತ್ತಡ ತೋರಿಸುವ ಮುಳ್ಳನ್ನು. ಅದು ಎದ್ದಿತು, ಏರಿತು, ನಿಂತಿತು. ನಾನು ಖುಷಿಯಿಂದ ಕಿರುಚಿದೆ. ಪಕ್ಕದ ಮನೆಯವರು ಬಾನೆಟ್ಟಿನ ಮೇಲೆ ಕಿವಿಯಿಟ್ಟು ಆಲಿಸಿ ನನ್ನ ಕೈ ಕುಲುಕಿದರು. “ನಾನಾಗಿದ್ದರೆ ಈಗಲೂ ವಿ-ಏಟೇ ಹಾಕುತ್ತಿದ್ದೆ,” ಅಂದರು. “ಆದರೆ ಇದು ಸೊಗಸಾಗಿದೆ.”

ಆ ವರ್ಷ ನಮ್ಮ ಕನ್ನಡದವರ ಯುಗಾದಿ ಊಟ ಸಟನ್‌ನ ಒಂದು ಶಾಲೆಯ ಹಾಲ್‌ನಲ್ಲಿತ್ತು. ದೊಡ್ಡ ಪಾತ್ರೆಗಳನ್ನೂ ಒಲೆಗಳನ್ನೂ ನಾವೇ ತರುತ್ತೇವೆಂದು ಗಂಡ ಫೋನಿನಲ್ಲಿ ಹೇಳಿಬಿಟ್ಟ. ಹೊರಡುವಾಗ ಕೀಲಿಯನ್ನು ನನ್ನ ಕೈಗಿಟ್ಟ. “ನೀ ನಡಸು. ಎಂಜಿನ್ ನಿಂದು.”

ಅತ್ತೆ ಇಳಕಲ್ ಸೀರೆಯುಟ್ಟು ನಮ್ಮಿಬ್ಬರ ನಡುವೆ ಕೂತರು. ಕಿಂಗ್‌ಸ್ಟನ್ ಸೇತುವೆ ದಾಟಿ, ಚೀಮ್ ಕಡೆಯ ಏರಿನಲ್ಲಿ ಒಂದು ಸೈಕಲ್ ಗುಂಪು, ಅದರ ಹಿಂದೆ ಕ್ಯಾರವಾನ್ ಎಂಬ ಮನೆಗಾಡಿಯನ್ನು ಎಳೆದುಕೊಂಡು ತೆವಳುವ ಕಾರು. ಗಂಡ ಕಿಟಕಿಯಿಂದ ಕತ್ತು ಚಾಚಿ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಅತ್ತೆ, “ಹೋಗವಾ, ಹೋಗು!” ಅಂದರು. ಹಿಂದೆ ಪಾತ್ರೆಗಳೆಲ್ಲ ಝಣಗುಟ್ಟುತ್ತಿರುವಾಗ ಪಿಕಪ್ ಒಂದೇ ಉಸಿರಿಗೆ ಏರಿತು. ಮುಳ್ಳು ಅಲುಗಲಿಲ್ಲ.

ಶಾಲೆಯ ಅಂಗಳದಲ್ಲಿ ಗಂಡಸರೆಲ್ಲ ಮುತ್ತಿಕೊಂಡರು. ಬೆಂಗಳೂರಿನ ಸಾಫ್ಟ್‌ವೇರ್‌ನವರೊಬ್ಬರು ಗಂಡನನ್ನು ಕೇಳಿದರು: “ವಿ-ಏಟ್ ತಾನೇ ಸಾರ್?”

“ಅಲ್ರೀ, ಆರು. ಸಾಲಾಗಿ ಆರು. ನಮ್ಮಾಕಿ ಆರಿಸಿದ್ದು,” ಅಂದವನು ಬಾನೆಟ್ ಎತ್ತಿ ಆ ಎಣ್ಣೆ ಪಂಪಿನ ಹಿರಿಮೆಯನ್ನು ವಿವರಿಸತೊಡಗಿದ. ಅಷ್ಟರಲ್ಲಿ ಅತ್ತೆ ಪಾತ್ರೆ ಇಳಿಸಿ ಖಾಲಿಯಾದ ಪಿಕಪ್‌ನ ಹಿಂಬದಿಗೆ ಕುರ್ಚಿ ಹಾಕಿಸಿಕೊಂಡು ಏರಿ ಕೂತಾಗಿತ್ತು. ಅವರ ಹಿಂದೆ ಇನ್ನಷ್ಟು ರೇಷ್ಮೆ ಸೀರೆಗಳು ಏರಿದವು. ಬಾನೆಟ್ ಮುಚ್ಚಿಸಿ, ಗೇಟು ಹಾಕಿದ ಅಂಗಳದಲ್ಲಿ ನಾನು ನಿಧಾನವಾಗಿ ಸುತ್ತು ಹೊಡೆದೆ. ಒಂದು ತಂಡ ಇಳಿದರೆ ಇನ್ನೊಂದು ಹತ್ತುತ್ತಿತ್ತು. ಅತ್ತೆ ಮಾತ್ರ ಇಳಿಯಲೇ ಇಲ್ಲ. ಒಳಗೆ ಎಲೆ ಹಾಕಿಯಾಯಿತೆಂದು ಯಾರೋ ಮತ್ತೆ ಮತ್ತೆ ಕೂಗುತ್ತಿದ್ದರು. ಊಟಕ್ಕೆ ತಡವಾಯಿತು. ಯಾರೂ ಬೈಯಲಿಲ್ಲ.