ಕಾಂಪೌಂಡರ್ ಹೇಳಿದ್ರು

ಹೋದ ತಿಂಗಳು ಹಲಸೂರಿನ ದೇವಸ್ಥಾನಕ್ಕೆ ಹೋಗಿದ್ದೆ. ಅರ್ಚಕರು ಕುಂಕುಮವನ್ನು ಒಂದು ಕಾಗದದ ಚೂರಿಗೆ ಹಾಕಿ, ನಾಲ್ಕೂ ಕಡೆಯಿಂದ ಮಡಿಚಿ, ಒಂದು ತುದಿಯನ್ನು ಇನ್ನೊಂದರೊಳಗೆ ತೂರಿಸಿ ಕೊಟ್ಟರು. ದಾರ ಇಲ್ಲ, ಅಂಟು ಇಲ್ಲ. ತಲೆಕೆಳಗು ಮಾಡಿದರೂ ಒಂದು ಕಣ ಉದುರುವುದಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುವಾಗ ಕಾಲು ತಾನಾಗಿ ನಿಂತಿತು. ಐವತ್ತು ವರ್ಷದ ಹಿಂದೆ ಅದೇ ಬೀದಿಯಲ್ಲಿ ಒಬ್ಬರು ಹೀಗೇ ಪೊಟ್ಟಣ ಕಟ್ಟುತ್ತಿದ್ದರು...

ಇಂದಿರಾನಗರದ ಮನೆಗೆ ವಾಪಸು ಬಂದ ಮೇಲೂ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದೆ, ಹೊರಗೆ ಬಂದೆ, ಮತ್ತೆ ಹೋದೆ. ಮಗಳು, "ಏನಮ್ಮಾ ಹುಡುಕ್ತಿದ್ದೀಯ?" ಅಂದಳು. ಏನೂ ಇಲ್ಲ ಅಂದೆ.

ಎಪ್ಪತ್ತರ ದಶಕದ ಶುರು ಅದು. ನಾನು ಮದುವೆಯಾಗಿ ಹಲಸೂರಿಗೆ ಬಂದು ಮೂರು ವರ್ಷ ಆಗಿತ್ತು. ಮನೆಯಲ್ಲಿ ನಾವು ಮೂರೇ ಜನ. ನನ್ನ ಯಜಮಾನರು ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ವಿಮೆ ಕಚೇರಿಯಲ್ಲಿ ಟೈಪಿಸ್ಟು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮಾವ ಟಪಾಲು ಇಲಾಖೆಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿ ನಿವೃತ್ತರಾದವರು. ಎಲ್ಲವೂ ಗಡಿಯಾರದ ಪ್ರಕಾರ: ಕಾಫಿ, ಸ್ನಾನ, ಪೇಪರು, ಮಾತ್ರೆ. ಒಂದು ದಿನ ಮಾತ್ರೆ ತಪ್ಪಿತು ಅಂತ ಇರಲಿಲ್ಲ. ತಪ್ಪಿದ್ದರೇ ಚೆನ್ನಾಗಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಮಾವನಿಗೆ ಕಾಲು ಊದುತ್ತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಬಜಾರ್ ಬೀದಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರು ಅವರ ಹಳೆಯ ಸ್ನೇಹಿತರು. ಅವರ ಹತ್ತಿರ ಪೊಟ್ಟಣದಲ್ಲಿ ಮಾತ್ರೆ ತರುತ್ತಿದ್ದರು. ಆ ವರ್ಷ ಏದುಸಿರು ಹೆಚ್ಚಾದಾಗ ಯಜಮಾನರು ಬಲವಂತ ಮಾಡಿ ಒಂದು ದೊಡ್ಡ ಆಸ್ಪತ್ರೆಗೂ ತೋರಿಸಿಕೊಂಡು ಬಂದರು. ಅಲ್ಲಿ ಒಂದು ಸಣ್ಣ ಸೀಸೆಯಲ್ಲಿ ಮಾತ್ರೆ ಕೊಟ್ಟರು. ಹಳೆಯ ಸ್ನೇಹಿತರಿಗೆ ಬೇಜಾರಾದೀತು ಅಂತ ಮಾವ ಆಸ್ಪತ್ರೆಯ ವಿಷಯ ಕ್ಲಿನಿಕ್ಕಿನಲ್ಲಿ ಹೇಳಲಿಲ್ಲ. ಕ್ಲಿನಿಕ್ಕಿನ ವಿಷಯ ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ನಮ್ಮ ಲೆಕ್ಕದಲ್ಲಿ ಸೀಸೆಯದು ಎದೆಗೆ, ಪೊಟ್ಟಣದ್ದು ಕಾಲಿನ ಊತಕ್ಕೆ.

ಅದಾಗಿ ಮೂರು ನಾಲ್ಕು ವಾರಕ್ಕೆ ಮಾವ ಊಟ ಬಿಡತೊಡಗಿದರು. ತಟ್ಟೆ ಮುಂದೆ ಕೂತರೆ ವಾಕರಿಕೆ. ನನ್ನ ಅಡುಗೆ ಸೇರುತ್ತಿಲ್ಲ ಅಂದುಕೊಂಡೆ. ಆಮೇಲೆ ಪಂಚೆಯ ರಗಳೆ ಶುರುವಾಯಿತು. "ಪಂಚೆ ಹಳದಿ ಆಗಿದೆ. ಸರಿಯಾಗಿ ಒಗೆಯೋಕ್ಕೆ ಆಗಲ್ವಾ?" ಅಂದರು. ಅಷ್ಟು ವರ್ಷದಲ್ಲಿ ನನಗೆ ಹಾಗೆ ಅಂದವರೇ ಅಲ್ಲ. ನಾನು ಮತ್ತೆ ಒಗೆದೆ, ನೀಲಿ ಹಾಕಿದೆ, ಬಿಸಿಲಿಗೆ ಹಿಡಿದು ನೋಡಿದೆ. ನನ್ನ ಕಣ್ಣಿಗೆ ಮಲ್ಲಿಗೆಯ ಹಾಗಿತ್ತು. ಅವರು ಅದನ್ನು ಮೂಲೆಗೆ ಎಸೆದರು. ಗೋಡೆಯೂ ಹಳದಿ, ಅನ್ನವೂ ಹಳದಿ ಅಂದರು. ಯಜಮಾನರು, "ವಯಸ್ಸಾಯ್ತಲ್ಲ, ಮನಸ್ಸಿಗೆ ಹಚ್ಕೋಬೇಡ" ಅಂದರು. ಆದರೆ ಕಚೇರಿಯಲ್ಲಿ ಟೈಪ್ ಮಾಡುತ್ತಾ ಕೂತರೂ ನನಗೆ ಒಳಗೊಳಗೇ ಏನೋ ಕುಟ್ಟುತ್ತಿತ್ತು. ಮನೆಯಲ್ಲಿ ಒಬ್ಬರೇ ಇದ್ದಾರೆ, ಬಚ್ಚಲಲ್ಲಿ ಬಿದ್ದರೆ... ಮಧ್ಯಾಹ್ನ ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚುತ್ತಿದ್ದೆ.

ಆ ಕ್ಲಿನಿಕ್ಕಿನ ಕಾಂಪೌಂಡರನ್ನು ಬೀದಿಯವರೆಲ್ಲ ಸ್ವಲ್ಪ ತಮಾಷೆ ಮಾಡುತ್ತಿದ್ದರು. ಐವತ್ತು ದಾಟಿದ, ಸಣಕಲು ಆಳು. ಒಂದು ಕಡೆ ನಿಂತವರಲ್ಲ, ಕೂತದ್ದನ್ನಂತೂ ನಾನು ನೋಡಿಯೇ ಇರಲಿಲ್ಲ. ಪೊಟ್ಟಣ ಕಟ್ಟಿ ಕೈಗೆ ಕೊಟ್ಟ ಮೇಲೆ ಬಿಚ್ಚಿ ಇನ್ನೊಮ್ಮೆ ಎಣಿಸುವರು. ವಯಸ್ಸಾದವರಾದರೆ ಬಾಗಿಲ ತನಕ ಹಿಂದೆಯೇ ಬಂದು, "ಯಾವಾಗ ತಗೊಳ್ತೀರಿ? ನೀವೇ ಹೇಳಿ, ಕೇಳ್ತೀನಿ" ಅನ್ನುವರು. ಕೆಲವರನ್ನು ಬೀದಿಯಿಂದ ಕೂಗಿ ಕರೆದು ಕೇಳಿದ್ದೂ ಉಂಟು. ಅವರ ಮನೆಮಾತು ತಮಿಳು. ಆದರೆ ಬರುವವರಿಗೆ ತಕ್ಕ ಹಾಗೆ ಕನ್ನಡ, ತಮಿಳು, ಉರ್ದು ಮೂರರಲ್ಲೂ ಇದೇ ವಿಚಾರಣೆ. ಕಾಯುವವರಿಗೆ ಸಿಟ್ಟು ಬರುತ್ತಿತ್ತು. ನನಗೂ ಬಂದಿದೆ.

ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಮಾವನ ಪೊಟ್ಟಣ ತರಲು ಹೋದೆ. ಡಾಕ್ಟರು ಮದುವೆಗೆಂದು ಊರಿಗೆ ಹೋಗಿದ್ದರು, ಬರುವುದು ಬುಧವಾರ. ಹಳೆ ಔಷಧಿ ಬೇಕಾದವರಿಗೆ ಕಾಂಪೌಂಡರೇ ಕೊಡುತ್ತಿದ್ದರು. ಅವರು ಮಾತ್ರೆ ಎಣಿಸುತ್ತಾ ವಾಡಿಕೆಯಂತೆ, "ಅಯ್ಯ ಹೇಗಿದ್ದಾರಮ್ಮಾ?" ಅಂದರು. ಊಟ ಬಿಟ್ಟದ್ದು ಹೇಳಿದೆ. ಬೇರೆಯವರಿಗೆ ಹೇಳಲು ನಾಚಿಕೆಯಾಗುವಂಥ ಪಂಚೆಯ ವಿಷಯವನ್ನೂ ಹೇಳಿಬಿಟ್ಟೆ.

ಅವರ ಕೈ ನಿಂತಿತು. "ಪಂಚೆ ಒಂದೇ ಹಳದಿನಾ? ಇಲ್ಲ, ಎಲ್ಲಾನೂ ಹಳದಿನಾ?"

"ಎಲ್ಲಾನೂ ಅಂತಾರೆ. ಗೋಡೆ, ಅನ್ನ..."

"ಇದು ಬಿಟ್ಟು ಬೇರೆ ಮಾತ್ರೆ ಏನಾದ್ರೂ ತಗೊಳ್ತಾರಾ?"

ಆಸ್ಪತ್ರೆಯ ವಿಷಯ ಕ್ಲಿನಿಕ್ಕಿನಲ್ಲಿ ಹೇಳಬೇಡ ಅಂತ ಮಾವ ಆಣೆ ಹಾಕಿಸಿಕೊಂಡಂತೆ ಹೇಳಿದ್ದರು. ಕಾಂಪೌಂಡರು ನನ್ನ ಮುಖ ನೋಡಿದವರೇ ಪೊಟ್ಟಣ ಮೇಜಿನ ಮೇಲೆ ಬಿಟ್ಟು ಚಪ್ಪಲಿ ಮೆಟ್ಟಿದರು. ಬೆಂಚಿನ ಮೇಲೆ ಏಳೆಂಟು ಜನ ಕಾಯುತ್ತಿದ್ದರು. "ಅರ್ಧ ಗಂಟೆ, ಬಂದ್ಬಿಡ್ತೀನಿ" ಅಂದು ಬಾಗಿಲು ಎಳೆದುಕೊಂಡರು. ಹಿಂದಿನಿಂದ ಯಾರೋ ಗೊಣಗಿದರು. ಅವರ ನಡಿಗೆಗೆ ಸಮನಾಗಲು ನಾನು ಸೆರಗು ಸಿಕ್ಕಿಸಿಕೊಂಡು ಓಡಬೇಕಾಯಿತು.

ಮನೆಯಲ್ಲಿ ಮಾವ ಮಂಚದ ಮೇಲೆ ಒರಗಿದ್ದರು. ಕಾಂಪೌಂಡರನ್ನು ನೋಡಿ ಮುಖ ಬಿಗಿಯಿತು. ಕಾಂಪೌಂಡರು ಏನೂ ಜೋರು ಮಾಡಲಿಲ್ಲ. ನೆಲದ ಮೇಲೆ ಪೇಪರು ಹಾಸಿ, "ಅಯ್ಯಾ, ಬೆಳಿಗ್ಗೆ ಎದ್ದಾಗಿಂದ ಏನೇನು ತಗೊಳ್ತೀರೋ ಒಂದೊಂದೇ ಇಲ್ಲಿಡಿ. ನಿಮ್ಮಷ್ಟು ಅಚ್ಚುಕಟ್ಟು ಯಾರೂ ಇಲ್ಲ, ನಂಗೊತ್ತು" ಅಂದರು. ಆ ಮಾತಿಗೆ ಮಾವ ಕರಗಿದರೋ, ಸುಸ್ತಾಗಿತ್ತೋ... ಟ್ರಂಕು ತೆಗೆಸಿದರು. ಆಸ್ಪತ್ರೆಯ ಸೀಸೆ ಬಂತು. ಜೇಬಿನಿಂದ ಪೊಟ್ಟಣ ಬಂತು. ಭೇದಿಗೆ ತಗೊಳ್ಳುವ ಪುಡಿ, ಪಕ್ಕದ ಮನೆಯವರು ಮಂಡಿ ನೋವಿಗೆ ಕೊಟ್ಟ ಮಾತ್ರೆ, ಯಾವ ಕಾಲದ್ದೋ ಒಂದು ಬಾಟಲಿ ಮಿಕ್ಸ್ಚರು. ಒಂದೇ ಮನೆಯಲ್ಲಿದ್ದೂ ಅರ್ಧದಷ್ಟನ್ನು ನಾನು ನೋಡಿರಲೇ ಇಲ್ಲ.

ಕಾಂಪೌಂಡರು ಸೀಸೆಯ ಮಾತ್ರೆಯೊಂದನ್ನು ಎಡ ಅಂಗೈಗೆ, ಪೊಟ್ಟಣದ್ದನ್ನು ಬಲ ಅಂಗೈಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋದರು. ಸೀಸೆಯ ಚೀಟಿ ಎರಡು ಸಲ ಓದಿದರು. ಆಮೇಲೆ ಮಾವನ ಮಣಿಕಟ್ಟು ಹಿಡಿದು, ನನ್ನ ಕೈಗಡಿಯಾರ ಕೇಳಿ, ಪೂರ್ತಿ ಒಂದು ನಿಮಿಷ ಎಣಿಸಿದರು. ನಲವತ್ತೆರಡು, ಎಪ್ಪತ್ತರ ಹತ್ತಿರ ಇರಬೇಕಾದದ್ದು. ಇನ್ನೊಂದು ನಿಮಿಷ ಎಣಿಸಿದರು.

ನನ್ನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಎರಡೂ ಒಂದೇ ಔಷಧಿ ಅಮ್ಮಾ. ಎದೆಯದೇ. ಎರಡೆರಡು ಪಾಲು ಹೋಗ್ತಿದೆ. ಹಳದಿ ಕಾಣ್ತಿರೋದು ಅದರಿಂದಾನೇ ಇರ್ಬೇಕು. ಇವತ್ತು ಎರಡೂ ಕೊಡ್ಬೇಡಿ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು. ಡಾಕ್ಟರ್ ಬಂದ್ಮೇಲೆ ಅವರಿಗೆ ನಾನೇ ಹೇಳ್ಕೋತೀನಿ."

ಯಜಮಾನರು ಕಾರ್ಖಾನೆಯಲ್ಲಿದ್ದರು. ಆಟೋ ಕರೆದದ್ದೂ, ಮಾವನನ್ನು ಎತ್ತಿ ಕೂರಿಸಿದ್ದೂ ಕಾಂಪೌಂಡರೇ. ಆ ಪೇಪರನ್ನು ಮೇಲಿದ್ದದ್ದೆಲ್ಲದರ ಸಮೇತ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡರು. ದಾರಿಯುದ್ದಕ್ಕೂ ಮಾವನ ಮಣಿಕಟ್ಟು ಬಿಡಲಿಲ್ಲ. ಶಿವಾಜಿನಗರದ ಸಂದಣಿಯಲ್ಲಿ ಆಟೋ ಸಿಕ್ಕಿಕೊಂಡಾಗ ಅವರ ಪಾದ ಕುಟ್ಟುತ್ತಿದ್ದದ್ದು, ಅದನ್ನು ನೋಡುತ್ತಾ ನನ್ನ ಪಾದವೂ ಕುಟ್ಟತೊಡಗಿದ್ದು ನೆನಪಿದೆ. ಆಸ್ಪತ್ರೆಯಲ್ಲಿ ಗಂಟು ಬಿಚ್ಚಿ ತೋರಿಸಿದರು. ಅಲ್ಲಿನ ಎಳೆಯ ಡಾಕ್ಟರು ಮೊದಲು ಸೀಸೆ ನೋಡಿದರು, ಆಮೇಲೆ ಪೊಟ್ಟಣ, ಆಮೇಲೆ ಕಾಂಪೌಂಡರ ಮುಖ. ಆ ಕೂಡಲೇ ಮಾವನನ್ನು ಒಳಗೆ ಕರೆದುಕೊಂಡರು. ಇನ್ನು ನಾಲ್ಕು ದಿನ ಹೀಗೇ ನಡೆದಿದ್ದರೆ ಹೇಳೋಕ್ಕಾಗ್ತಿರಲಿಲ್ಲ ಅಂತ ಸಂಜೆ ಯಜಮಾನರಿಗೆ ಹೇಳಿದರಂತೆ. ಅಷ್ಟು ಹೊತ್ತಿಗೆ ಕಾಂಪೌಂಡರು ಬಸ್ಸು ಹಿಡಿದು ಹೊರಟುಹೋಗಿದ್ದರು. ನಾನು ಒಂದು ಒಳ್ಳೆಯ ಮಾತೂ ಆಡಿರಲಿಲ್ಲ.

ಮಾತ್ರೆ ನಿಂತ ಮೇಲೆ ಮಾವ ದಿನದಿಂದ ದಿನಕ್ಕೆ ಚೇತರಿಸಿಕೊಂಡರು. ಒಂದು ಬೆಳಿಗ್ಗೆ ದಿಂಬಿನ ಗೌಸು ಮುಟ್ಟಿ, "ಬೆಳ್ಳಗಿದೆ" ಅಂದರು. ನನ್ನ ಕಡೆ ನೋಡಲಿಲ್ಲ. ಅವರಿಗೂ ಪಂಚೆಯ ಮಾತು ನೆನಪಾಗಿತ್ತು ಅನ್ನಿಸುತ್ತದೆ.

ಮುಂದಿನ ವಾರ ಮನೆಗೆ ಕರೆತಂದ ದಿನವೇ ಬಜಾರ್ ಬೀದಿಯ ಡಾಕ್ಟರು ನೋಡಲು ಬಂದರು. ಮಾವನ ಪಕ್ಕದ ಕುರ್ಚಿಯಲ್ಲಿ ಕೂತು ಕಾಫಿ ತಗೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಭಯವಾಗುತ್ತಿತ್ತು. ನಾಡಿ ನೋಡಿದರು, ಆಸ್ಪತ್ರೆಯ ಕಾಗದ ಓದಿದರು. ಆಮೇಲೆ ಕೇಳಿದರು, "ನನ್ನ ಔಷಧಿ ನಿಲ್ಲಿಸಿ ಅಂತ ಮೊದಲು ಹೇಳಿದ್ದು ಯಾರು?"

ಮಾವ ಗೋಡೆ ನೋಡಿದರು. ಮೂವತ್ತು ವರ್ಷದ ಸ್ನೇಹಿತರ ಮುಂದೆ ಕಳ್ಳತನ ಸಿಕ್ಕಿಬಿದ್ದಂತಾಗಿತ್ತು ಅವರಿಗೆ. ಯಜಮಾನರು ನನ್ನನ್ನು ನೋಡಿದರು. ಕಾಂಪೌಂಡರು ತಾವೇ ಹೇಳಿಕೊಂಡಿದ್ದರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ.

"ಕಾಂಪೌಂಡರ್ ಹೇಳಿದ್ರು" ಅಂದೆ.

ಅಷ್ಟೇ ಅಂದೆ. ಡಾಕ್ಟರು "ಹೌದಾ" ಅಂದು ಕಾಫಿ ಮುಗಿಸಿದರು. ಅಂದಿದ್ದು ಸುಳ್ಳಲ್ಲ. ಆದರೆ ನಾವು ಆಸ್ಪತ್ರೆಯ ವಿಷಯ ಮುಚ್ಚಿಟ್ಟಿದ್ದನ್ನು ಹೇಳಲಿಲ್ಲ. ಕಾಂಪೌಂಡರು ಮನೆಗೆ ಬಂದು ನಾಡಿ ಎಣಿಸಿದ್ದನ್ನು, ಆಟೋದಲ್ಲಿ ಜೊತೆಗೆ ಕೂತಿದ್ದನ್ನು ಹೇಳಲಿಲ್ಲ. ಅದೆಲ್ಲ ಬಿಟ್ಟು ಬರೀ ಆ ಎರಡು ಮಾತು ನಿಂತರೆ, ಕಾಂಪೌಂಡರೊಬ್ಬ ಡಾಕ್ಟರನ್ನು ಮೀರಿ ನಡೆದ ಹಾಗೆ ಕೇಳುತ್ತಿತ್ತು. ಅದು ನನಗೆ ಗೊತ್ತಿತ್ತು. ಮುಂದೆಯೂ ಈ ಡಾಕ್ಟರೇ ಬೇಕಲ್ಲ ಅನ್ನುವ ಅಂಜಿಕೆಯೋ, ಮಾವನ ಮರ್ಯಾದೆಯೋ... ಬಾಯಿ ತೆರೆಯಲಿಲ್ಲ.

ಹದಿನೈದು ದಿನಕ್ಕೆ ಕ್ಲಿನಿಕ್ಕಿನಲ್ಲಿ ಬೇರೆ ಕಾಂಪೌಂಡರ್ ಇದ್ದರು. ಕೇಳಿದರೆ, "ಅವರು ಬಿಟ್ರು" ಅಂದರು. ಡಾಕ್ಟರಿಲ್ಲದಾಗ ಬಾಗಿಲು ಹಾಕಿಕೊಂಡು ಹೋದರು, ತಾವೇ ಡಾಕ್ಟರ್ ಅಂದುಕೊಂಡರು ಅಂತ ಬೀದಿಯಲ್ಲಿ ಮಾತಿತ್ತು. ನಾನು ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟು ಕೆರೆಯ ಕಡೆಯಿಂದ ಸುತ್ತಿಕೊಂಡು ಬರತೊಡಗಿದೆ.

ಕುಕ್ ಟೌನಿನಿಂದ ಆಚೆ, ಕಮ್ಮನಹಳ್ಳಿಯ ಹತ್ತಿರ ಒಂದು ಔಷಧಿ ಅಂಗಡಿಯಲ್ಲಿ ಇದ್ದಾರೆ ಅಂತ ಎರಡು ತಿಂಗಳ ಮೇಲೆ ಗೊತ್ತಾಯಿತು. ಆಗ ಅಲ್ಲಿ ಮನೆಗಳೇ ವಿರಳ. ಕಚೇರಿಯಿಂದ ನೇರ ಹೋದೆ. ಒಬ್ಬ ಮುದುಕಿಗೆ ಉರ್ದುವಿನಲ್ಲಿ ಅದೇ ವಿಚಾರಣೆ ನಡೆಸುತ್ತಿದ್ದರು. ಅದು ಮುಗಿಯುವ ತನಕ ಕಾದು, "ತಪ್ಪಾಯ್ತು ಕಾಂಪೌಂಡರೇ. ನಾನು ಪೂರ್ತಿ ಹೇಳಬೇಕಾಗಿತ್ತು" ಅಂದೆ.

"ಸುಳ್ಳು ಹೇಳ್ಲಿಲ್ವಲ್ಲಮ್ಮಾ, ಬಿಡಿ" ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಕೌಂಟರು ಒರೆಸುತ್ತಾ, ನಾನು ಕೇಳದೆಯೇ ಹೇಳಿದರು. ಸಣ್ಣ ವಯಸ್ಸಿನಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಾಗ ಒಬ್ಬ ಅಜ್ಜಿಗೆ ಎರಡು ಸೀಸೆ ಕೊಟ್ಟರಂತೆ. ಒಂದು ಕುಡಿಯುವುದು, ಒಂದು ಮಂಡಿಗೆ ತಿಕ್ಕುವುದು. ಚೀಟಿಯನ್ನೂ ಅಂಟಿಸಿದ್ದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. "ಅವಸರದಲ್ಲಿ ನಾನು ಕೇಳ್ಲಿಲ್ಲ. ಅವರು ತಿಕ್ಕೋದನ್ನ ಕುಡಿದ್ರು." ಆ ಅಜ್ಜಿ ಉಳಿದರೋ ಇಲ್ಲವೋ ಅವರು ಹೇಳಲಿಲ್ಲ. ಅವರ ಮುಖ ನೋಡಿ ನಾನೂ ಕೇಳಲಿಲ್ಲ.

ಆಮೇಲೆ ಒಂದು ಕಾಗದ ತೆಗೆದು, ಮಾವ ಈಗ ಏನೇನು ತಗೊಳ್ಳುತ್ತಾರೆ ಅಂತ ಒಂದೊಂದಾಗಿ ಕೇಳಿ ದಪ್ಪ ಅಕ್ಷರದಲ್ಲಿ ಬರೆದರು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಿ, ಹೊಸದು ಬಂದರೆ ಇದರಲ್ಲೇ ಸೇರಿಸಿ ಅಂದರು. ಮಾವ ಆಮೇಲೆ ಐದು ವರ್ಷ ಬದುಕಿದರು. ಆ ಕಾಗದ ಹರಿದಾಗಲೆಲ್ಲ ನಾನು ಹೊಸದರಲ್ಲಿ ಬರೆದಿಟ್ಟೆ.

ಮಾವ ಹೋದ ಮೇಲೆ ತಿಳಿಸೋಣ ಅಂತ ಕಮ್ಮನಹಳ್ಳಿಗೆ ಹೋದೆ. ಕಾಂಪೌಂಡರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅಂಗಡಿಯವರಿಗೆ ಅವರ ಮನೆಯವರು ಎಲ್ಲಿಗೆ ಹೋದರೆಂದು ತಿಳಿದಿರಲಿಲ್ಲ. ಬಜಾರ್ ಬೀದಿಯ ಡಾಕ್ಟರು ಇನ್ನೂ ಹತ್ತು ವರ್ಷ ಇದ್ದರು. ದೇವಸ್ಥಾನದಲ್ಲಿ, ಮದುವೆ ಮನೆಗಳಲ್ಲಿ ಎದುರಾಗುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಅಂದುಕೊಂಡೆ. ನಮಸ್ಕಾರ ಮಾಡಿ ಮುಂದೆ ಹೋದೆ.

ಈಗ ನನಗೆ ಮಾವನಿಗಿಂತ ಹೆಚ್ಚು ವಯಸ್ಸು, ಮಾತ್ರೆಗಳೂ ಹೆಚ್ಚು. ನಿನ್ನೆ ಮಗಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಆ ದಿನ ಡಾಕ್ಟರ ಎದುರು ನಿಂತು ಹೇಳಬೇಕಾಗಿದ್ದ ಮಾತನ್ನೂ ಹೇಳಿದೆ: ಕಾಂಪೌಂಡರು ಬರದೇ ಹೋಗಿದ್ದರೆ ಮಾವ ಉಳಿಯುತ್ತಿರಲಿಲ್ಲ, ಮುಚ್ಚಿಟ್ಟವರು ನಾವು, ತಪ್ಪು ನಮ್ಮದು. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಮಗಳು ನನ್ನ ಕೈ ಹಿಡಿದುಕೊಂಡಳು. ಆ ಮಾತು ಕೇಳಬೇಕಾಗಿದ್ದವರು ಒಬ್ಬರೂ ಈಗ ಇಲ್ಲ.